ಸ್ಕೂಬಾ ಸಾಮಾನು: ಹಗುರದ ಲೆಕ್ಕ

ರಜೆಯಲ್ಲಿ ನಾನು ಸ್ಕೂಬಾ ಡೈವಿಂಗ್‌ಗೆ ಹೋಗುತ್ತೇನೆಂದು ತಿಳಿದ ವಿದ್ಯಾರ್ಥಿಯೊಬ್ಬ ಒಮ್ಮೆ ತರಗತಿ ಮುಗಿದ ಮೇಲೆ ಕೇಳಿದ: "ಸರ್, ಅಷ್ಟೊಂದು ಸಾಮಾನು ವಿಮಾನದಲ್ಲಿ ಹೇಗೆ ತಗೊಂಡು ಹೋಗ್ತೀರಿ?" ಉತ್ತರ ಹೇಳಹೊರಟರೆ ಮಾತು ಆರ್ಕಿಮಿಡೀಸನವರೆಗೆ ಹೋಯಿತು. ಎಲ್ಲರಿಗೂ ಉಪಯೋಗವಾಗಲೆಂದು ಅದನ್ನೇ ಇಲ್ಲಿ ಬರೆದಿದ್ದೇನೆ.

ನಾನು ಡೈವಿಂಗ್ ಕಲಿತದ್ದು ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಬಳಿ. ಮುರುಡೇಶ್ವರಕ್ಕೆ ಕಾರಿನಲ್ಲೇ ಹೋಗುವುದರಿಂದ ತೂಕದ ಚಿಂತೆ ಇರಲಿಲ್ಲ. ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಹೊರಟಾಗ ಚಿಂತೆ ಶುರುವಾಯಿತು. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕೆಜಿ ಲಗೇಜು. ಅದರಲ್ಲಿ ಬಟ್ಟೆಯೂ ಬರಬೇಕು, ಡೈವಿಂಗ್ ಸಾಮಾನೂ ಬರಬೇಕು.

ಡೈವರ್‌ನ ಬೆನ್ನಿಗೆ ಗಾಳಿಯ ಟ್ಯಾಂಕನ್ನು ಹಿಡಿದು ನಿಲ್ಲಿಸುವ ಲೋಹದ ತಗಡೇ ಬ್ಯಾಕ್‌ಪ್ಲೇಟ್. ತಗಡಿಗೂ ಟ್ಯಾಂಕಿಗೂ ನಡುವೆ ಇರುವ ಗಾಳಿಚೀಲ ವಿಂಗ್. ಅದಕ್ಕೆ ಗಾಳಿ ತುಂಬಿದರೆ ಮೇಲೇಳುತ್ತೇವೆ, ಗಾಳಿ ಬಿಟ್ಟರೆ ಇಳಿಯುತ್ತೇವೆ. ಹೆಗಲು, ಸೊಂಟ ಬಿಗಿಯಲು 5 ಸೆಂ.ಮೀ. ಅಗಲದ ನೈಲಾನ್ ಪಟ್ಟಿ ಇರುತ್ತದೆ. ಇವನ್ನೆಲ್ಲ ಬಿಡಿಬಿಡಿಯಾಗಿ ಕಳಚಿ ಚೀಲದ ತಳದಲ್ಲಿ ಚಪ್ಪಟೆಯಾಗಿ ಇಡಬಹುದು. ಟ್ಯಾಂಕನ್ನೂ ಮುಳುಗಲು ಬೇಕಾದ ಸೀಸದ ತುಂಡುಗಳನ್ನೂ ಹೋದಲ್ಲಿಯೇ ಕೊಡುತ್ತಾರೆ.

ನನ್ನ ಹಳೆಯ ಪ್ಲೇಟ್ ಉಕ್ಕಿನದು, 2.7 ಕೆಜಿ. ಪ್ರಯಾಣಕ್ಕೆಂದು ಅದೇ ಅಳತೆಯ, ಅದೇ ದಪ್ಪದ ಅಲ್ಯೂಮಿನಿಯಂ ಪ್ಲೇಟ್ ಕೊಂಡೆ. ಅದು 900 ಗ್ರಾಂ ಮಾತ್ರ. 1.8 ಕೆಜಿ ಉಳಿಯಿತೆಂದು ಹಿಗ್ಗಿದೆ. ಸ್ವರಾಜ್ ದ್ವೀಪದಲ್ಲಿ ಎಷ್ಟು ಸೀಸ ಬೇಕೆಂದು ಕೇಳಿದಾಗ, ಯೋಚಿಸದೆ ನೇತ್ರಾಣಿಯಲ್ಲಿ ಹಾಕುತ್ತಿದ್ದಷ್ಟೇ ಹೇಳಿದೆ.

ಇಳಿಯುವಾಗ ಏನೂ ತೊಂದರೆಯಾಗಲಿಲ್ಲ. ಕೊನೆಯಲ್ಲಿ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಬೇಕಿತ್ತು. ಮೈಯಲ್ಲಿ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಲಿ ಎಂದು ಹೀಗೆ ನಿಲ್ಲುತ್ತಾರೆ. ನಾನು ನಿಲ್ಲಲಾರದೆ ಹೋದೆ. ವಿಂಗ್ ಪೂರ್ತಿ ಖಾಲಿ ಮಾಡಿದರೂ ಮೇಲಕ್ಕೆ ತೇಲುತ್ತಿದ್ದೆ. ಜೊತೆಗಿದ್ದ ಗೈಡ್ ನನ್ನ ಕಾಲು ಹಿಡಿದು ಎಳೆದು, ತನ್ನ ಬೆಲ್ಟಿನ ಒಂದು ಸೀಸವನ್ನು ನನ್ನ ಜೇಬಿಗೆ ತುರುಕಿದ. ಆಳದಿಂದ ಹಾಗೆ ವೇಗವಾಗಿ ಮೇಲೇರುವುದು ಅಪಾಯ. ಉಸಿರು ಬಿಗಿಹಿಡಿದಿದ್ದರೆ ಶ್ವಾಸಕೋಶದ ಗಾಳಿ ಹಿಗ್ಗಿ ಜೀವಕ್ಕೇ ಕುತ್ತು.

ಆ ರಾತ್ರಿ ಕಾಗದ ಹಿಡಿದು ಲೆಕ್ಕ ಮಾಡಿದೆ. ಎರಡೂ ಪ್ಲೇಟ್‌ಗಳ ಗಾತ್ರ ಒಂದೇ, ಸುಮಾರು ಮೂರನೇ ಒಂದು ಲೀಟರ್. ಹಾಗಾಗಿ ಸಮುದ್ರದ ನೀರು ಎರಡನ್ನೂ ಸಮನಾಗಿ, ಸುಮಾರು 350 ಗ್ರಾಂ ತೂಕದಷ್ಟು ಮೇಲಕ್ಕೆ ಒತ್ತುತ್ತದೆ. ನೀರೊಳಗೆ ಉಕ್ಕಿನದು 2.35 ಕೆಜಿ ತೂಗಿದರೆ ಅಲ್ಯೂಮಿನಿಯಂನದು 550 ಗ್ರಾಂ. ವ್ಯತ್ಯಾಸ ಮತ್ತೆ ಅದೇ 1.8 ಕೆಜಿ! ಚೀಲದಲ್ಲಿ ಉಳಿಸಿದ್ದನ್ನು ನೀರಿನಲ್ಲಿ ಪೂರ್ತಿಯಾಗಿ ಕಳೆದುಕೊಂಡಿದ್ದೆ.

ಹಾಗಾದರೆ ಮೊದಲೇ ಏಕೆ ತೇಲಲಿಲ್ಲ? ಗಾಳಿಗೂ ತೂಕವಿದೆ. 11 ಲೀಟರ್ ಟ್ಯಾಂಕಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿ ಎರಡೂವರೆ ಕೆಜಿಗೂ ಹೆಚ್ಚು. 50 ಬಾರ್ ಉಳಿಯುವಷ್ಟು ಹೊತ್ತಿಗೆ ಅದರಲ್ಲಿ ಸುಮಾರು 2 ಕೆಜಿ ಉಸಿರಾಗಿ ಹೋಗಿರುತ್ತದೆ. ಆರಂಭದಲ್ಲಿ ಆ ಗಾಳಿಯ ಭಾರವೇ ನನ್ನ ತಪ್ಪನ್ನು ಮುಚ್ಚಿಟ್ಟಿತ್ತು. ಅದಕ್ಕೇ ಸೀಸ ಸಾಕೇ ಎಂದು ನೋಡಬೇಕಾದದ್ದು ಟ್ಯಾಂಕ್ ಖಾಲಿಯಾಗುತ್ತ ಬಂದಾಗ.

ಹಾಗೆಂದು ಹಗುರ ಪ್ಲೇಟ್ ಕೊಳ್ಳುವುದು ತಪ್ಪಲ್ಲ. ನಾನು ಈಗಲೂ ಅದನ್ನೇ ಒಯ್ಯುತ್ತೇನೆ. ಕಡಿಮೆಯಾದ ತೂಕವನ್ನು ಹೋದಲ್ಲಿ ಸೀಸವಾಗಿ ಕೇಳಿ ಪಡೆಯುತ್ತೇನೆ, ಅಷ್ಟೇ. ಬಟ್ಟೆಯ ಮೃದು ಪ್ಲೇಟ್ ಇನ್ನೂ ಹಗುರ, ಮಡಚಲೂಬಹುದು. ಆದರೆ ಟ್ಯಾಂಕನ್ನು ಲೋಹದಷ್ಟು ಅಲುಗಾಡದಂತೆ ಹಿಡಿಯುವುದಿಲ್ಲ. ವಿಂಗ್ ದೊಡ್ಡದಿದ್ದಷ್ಟೂ ಒಳ್ಳೆಯದೆಂಬುದೂ ತಪ್ಪು ತಿಳುವಳಿಕೆ. ನಮ್ಮ ಕಡೆಯ ಬೆಚ್ಚಗಿನ ನೀರಿನಲ್ಲಿ, ತೆಳು ವೆಟ್‌ಸೂಟ್ ತೊಟ್ಟು, ಒಂದೇ ಟ್ಯಾಂಕ್ ಹೊತ್ತವರಿಗೆ 12ರಿಂದ 14 ಕೆಜಿ ಎತ್ತುವ ವಿಂಗ್ ಸಾಕು. ಎರಡು ಟ್ಯಾಂಕಿನವರಿಗಾಗಿ ಮಾಡಿದ ವಿಂಗ್ ಚೀಲದಲ್ಲೂ ಭಾರ, ನೀರಿನಲ್ಲೂ ಎಳೆತ. ಟ್ಯಾಂಕಿನ ಪಟ್ಟಿಗಳನ್ನು ಮಾತ್ರ ಒದ್ದೆ ಮಾಡಿ ಬಿಗಿಯಬೇಕು. ಒಣ ಪಟ್ಟಿ ನೀರಿಗಿಳಿದ ಮೇಲೆ ಸಡಿಲವಾಗಿ ಟ್ಯಾಂಕ್ ಜಾರಬಹುದು.

ಪ್ರಶ್ನೆ ಕೇಳಿದ ಹುಡುಗನಿಗೆ ಕೊನೆಗೆ ಇಷ್ಟೇ ಹೇಳಿದೆ: "ವಿಮಾನದವರು ತೂಗುವುದು ನಮ್ಮ ಚೀಲವನ್ನು, ಸಮುದ್ರ ತೂಗುವುದು ನಮ್ಮನ್ನು. ಎರಡು ತಕ್ಕಡಿಗೂ ಬೇರೆಬೇರೆ ಲೆಕ್ಕ ಮಾಡಿಕೊಂಡು ಹೊರಡಬೇಕಪ್ಪ."