ಹಿಮದ ಒಡಲೊಳಗೆ ಏನಿದೆ?

ರಾತ್ರಿಯೆಲ್ಲ ಹಿಮ ಸುರಿದು ಬೆಳಗಾಗಿದೆ. ಆಕಾಶ ತೊಳೆದಿಟ್ಟಂತೆ ನಿರ್ಮಲ. ಆಲ್ಪ್ಸ್ ಪರ್ವತದ ಇಳಿಜಾರು ಹಾಲು ಚೆಲ್ಲಿದಂತೆ ಹೊಳೆಯುತ್ತಿದೆ. ಸ್ಕೀ ಕಟ್ಟಿಕೊಂಡು ಜಾರಲು ಇದಕ್ಕಿಂತ ಸೊಗಸಾದ ತಾಣವುಂಟೆ? ಆದರೆ ಬಲ್ಲವನು ಅಲ್ಲಿ ಕಾಲಿಡುವ ಮೊದಲು ಸಲಿಕೆಯನ್ನು ಕೈಗೆತ್ತಿಕೊಳ್ಳುತ್ತಾನೆ.

ಹಿಮವು ನೋಡಲು ಒಂದೇ ಹೊದಿಕೆ; ಅಗೆದು ನೋಡಿದರೆ ಹಲವು ಪದರ. ನೆಲದ ಬಳಿ ಅದರ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೇಲಿನ ಗಾಳಿಯೋ ಅದಕ್ಕಿಂತ ಎಷ್ಟೋ ಶೀತಲ. ಹೊದಿಕೆ ತೆಳುವಾಗಿದ್ದರೆ ಒಳಗಿನ ನೀರಾವಿ ಮೇಲಕ್ಕೆ ಸರಿದು, ಹಿಮದ ಕಣಗಳು ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾಗುತ್ತವೆ. ಈ ಸಡಿಲ ಪದರದ ಮೇಲೆ ಹೊಸ ಹಿಮವು ಹಲಗೆಯಂತೆ ಕೂಡಿಕೊಂಡಿತೆಂದರೆ ಅಪಾಯ ಸಿದ್ಧವಾಯಿತು. 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಒಬ್ಬ ಮನುಷ್ಯನ ಭಾರವೇ ಅದನ್ನು ಬಿರಿದು ಜಾರಿಸಬಲ್ಲುದು.

ಸ್ವಿಟ್ಜರ್ಲೆಂಡಿನ ದಾವೋಸ್ ಪಟ್ಟಣದ ಮೇಲಿರುವ ವೈಸ್‌ಫ್ಲೂಯೋಕ್ ಶಿಖರಪ್ರದೇಶದಲ್ಲಿ ವಿಜ್ಞಾನಿಗಳು 1936ರಿಂದ ಹಿಮವನ್ನು ಅಳೆಯುತ್ತ ಬಂದಿದ್ದಾರೆ. ಅದೇ ದೇಶದಲ್ಲಿ 1950-51ರ ಚಳಿಗಾಲವೊಂದರಲ್ಲಿಯೇ ಹಿಮಕುಸಿತಗಳಿಗೆ 98 ಜನರು ಬಲಿಯಾದರು. ಇಂತಹ ಅಧ್ಯಯನ ಬರಿಯ ಕುತೂಹಲದ ವಿಷಯವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪರ್ವತಯಾತ್ರಿಕರು ಮಾಡುವ ಪರೀಕ್ಷೆಯೊಂದು ಬಹು ಸರಳ. ಹಿಮದಲ್ಲಿ ಗುಂಡಿ ತೋಡಿ, ಅದರ ಗೋಡೆಯಿಂದ 30 ಸೆಂಟಿಮೀಟರ್ ಚೌಕದ ಕಂಬವೊಂದನ್ನು ಬಿಡಿಸುತ್ತಾರೆ. ಕಂಬದ ತಲೆಯ ಮೇಲೆ ಸಲಿಕೆಯನ್ನಿಟ್ಟು, ಮಣಿಕಟ್ಟನ್ನು ಆಡಿಸಿ 10 ಸಲ, ಮೊಣಕೈಯಿಂದ 10 ಸಲ, ಕೊನೆಗೆ ತೋಳನ್ನು ಭುಜದಿಂದಲೇ ಬೀಸಿ 10 ಸಲ ತಟ್ಟುತ್ತಾರೆ. ಕೆಲವೇ ತಟ್ಟಿಗೆ ಕಂಬವು ಕತ್ತರಿಸಿದಂತೆ ನುಣುಪಾಗಿ ಜಾರಿದರೆ, ಬುದ್ಧಿವಂತರು ಆ ಇಳಿಜಾರಿನ ಆಸೆಯನ್ನೇ ಬಿಡುತ್ತಾರೆ.

ಕಂಬ ಗಟ್ಟಿಯಾಗಿ ನಿಂತಿತೆಂದು ಮೈಮರೆಯುವಂತೆಯೂ ಇಲ್ಲ. ಗಾಳಿ ಹಿಮವನ್ನು ಒಂದೆಡೆಯಿಂದ ಹೊತ್ತು ಇನ್ನೊಂದೆಡೆ ಒಟ್ಟುವುದರಿಂದ, ಒಂದು ಗುಂಡಿ ಹೇಳಿದ ಮಾತು ಹತ್ತು ಮಾರು ಆಚೆಗೆ ಸುಳ್ಳಾಗಬಹುದು. ಆದುದರಿಂದ ಕಣ್ಣು ಕಿವಿಗಳೆರಡೂ ಎಚ್ಚರವಾಗಿರಬೇಕು. ಸಮೀಪದಲ್ಲಿ ಹೊಸದಾಗಿ ಜಾರಿದ ಹಿಮ, ಹೆಜ್ಜೆಯಿಂದ ಹೊರಟು ಓಡುವ ಬಿರುಕು, ಕಾಲಡಿಯಲ್ಲಿ 'ಧಸ್' ಎಂದು ಕುಸಿಯುವ ಸದ್ದು, ಫಕ್ಕನೆ ಏರಿದ ಬಿಸಿಲ ಕಾವು — ಇವೆಲ್ಲ ಪರ್ವತವೇ ಕೊಡುವ ಮುನ್ಸೂಚನೆಗಳು.

ವಿಹಾರಕ್ಕೆಂದು ಹೋಗಿ ಹಿಮಕುಸಿತಕ್ಕೆ ಸಿಕ್ಕವರಲ್ಲಿ ಹೆಚ್ಚಿನವರ ವಿಷಯದಲ್ಲಿ, ಹಿಮವನ್ನು ಕದಲಿಸಿದ್ದು ಅವರದೋ ಅವರ ಜೊತೆಗಾರರದೋ ಹೆಜ್ಜೆ. ಪೂರ್ಣ ಹೂತುಹೋದವನಿಗೆ ಉಳಿಯುವ ಕಾಲ ಗಂಟೆಗಳಲ್ಲ, ಕೆಲವೇ ನಿಮಿಷಗಳು. ಶಿಖರ ನಾಳೆಯೂ ಅಲ್ಲಿಯೇ ಇರುತ್ತದೆ. ಇಂದು ಹಿಂದಿರುಗಿದವನು ನಾಳೆ ಅದನ್ನು ಏರಬಲ್ಲನು.