ಚಾರ್ಜು, ಟವರ್, ಟಾರ್ಚು: ತುಮಕೂರು ಸೀಮೆಯ ಮೊದಲ ಮೊಬೈಲ್ ಸೆಟ್ಟುಗಳು

ಮೊಬೈಲ್ ಸೆಟ್ಟುಗಳನ್ನು ಹೋಲಿಸುವ ಅಳತೆ ಊರಿಂದ ಊರಿಗೆ ಬೇರೆಯಾಗುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಜಾಹೀರಾತುಗಳು ಬಣ್ಣದ ಪರದೆ, ಕ್ಯಾಮೆರಾ, ಹೊಸ ರಿಂಗ್‌ಟೋನುಗಳನ್ನು ಮುಂದಿಟ್ಟು ಸೆಟ್ಟು ಮಾರುತ್ತಿದ್ದವು. ಬೆಂಗಳೂರಿನಿಂದ 70 ಕಿ.ಮೀ. ಆಚೆಗಿನ ತುಮಕೂರಿನಲ್ಲಿ, ಅಲ್ಲಿಂದ ಮತ್ತೆ 20 ಕಿ.ಮೀ. ಮುಂದಿರುವ ಗುಬ್ಬಿಯಲ್ಲಿ, ಇನ್ನೊಂದು ಹೆದ್ದಾರಿಯ ಮೇಲಿರುವ ಕುಣಿಗಲ್‌ನಲ್ಲಿ ಕೊಳ್ಳುವವರಿಗೆ ಬೇಕಿದ್ದ ಉತ್ತರಗಳು ಬೇರೆ. ಚಾರ್ಜು ಎಷ್ಟು ದಿನ ನಿಲ್ಲುತ್ತದೆ, ತೋಟದಲ್ಲಿ ಟವರ್ ಸಿಗುತ್ತದೆಯೇ, ಕೈತಪ್ಪಿ ಬಿದ್ದರೆ ಉಳಿಯುತ್ತದೆಯೇ, ಕೆಟ್ಟರೆ ಊರಲ್ಲೇ ರಿಪೇರಿ ಆಗುತ್ತದೆಯೇ? ಅಂದಿನ ಸೆಟ್ಟುಗಳಲ್ಲಿ ಯಾವುದು ಒಳ್ಳೆಯದು ಎಂದು ತೀರ್ಮಾನಿಸಲು ಇಂದಿಗೂ ಇವೇ ಸರಿಯಾದ ಪ್ರಶ್ನೆಗಳು.

ಭಾರತದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತಾಡಿದರು. ಕರ್ನಾಟಕದಲ್ಲಿ ಆ ದಶಕದ ಉತ್ತರಾರ್ಧದಲ್ಲಿ ಜೆಟಿ ಮೊಬೈಲ್ ಮತ್ತು ಸ್ಪೈಸ್ ಸೇವೆ ಆರಂಭಿಸಿದವು. ಮುಂದೆ ಜೆಟಿ ಮೊಬೈಲ್ ಏರ್‌ಟೆಲ್ ಆಯಿತು, ಸ್ಪೈಸ್ ಐಡಿಯಾದಲ್ಲಿ ಸೇರಿಹೋಯಿತು. ಆಗ ದೇಶದಲ್ಲಿ ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು, ಬಂದ ಕರೆ ಎತ್ತಿಕೊಂಡರೂ ದುಡ್ಡು ಹೋಗುತ್ತಿತ್ತು. ಅಂಥ ಸೇವೆ ರಾಗಿ, ತೆಂಗು, ಅಡಿಕೆ ಬೆಳೆಯುವವರ ಕೈಗೆಟುಕುವಂತಿರಲಿಲ್ಲ. ಮನೆಮಂದಿಗೆ ಸುದ್ದಿ ಮುಟ್ಟಿಸಲು ಎಸ್‌ಟಿಡಿ ಬೂತು, ಇಲ್ಲವೇ ಅಂಗಡಿಯ ಮುಂದಿನ ಒಂದು ರೂಪಾಯಿಯ ಕಾಯಿನ್ ಬಾಕ್ಸೇ ಗತಿ.

ಆ ಕಟ್ಟು ಸಡಿಲವಾದದ್ದು ಒಂದೇ ವರ್ಷದ ಅವಧಿಯಲ್ಲಿ. 2002ರ ಅಕ್ಟೋಬರ್‌ನಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆಗೆ ಇಳಿಯಿತು. ಡಿಸೆಂಬರ್‌ನಲ್ಲಿ ರಿಲಯನ್ಸ್ ಬಂತು. 2003ರ ಮೇ 1ರಿಂದ ಒಳಬರುವ ಕರೆ ಉಚಿತವಾಯಿತು. ಮೂರರಲ್ಲಿ ಕೊನೆಯದೇ ಎಲ್ಲಕ್ಕಿಂತ ದೊಡ್ಡದು. ಅಲ್ಲಿಯವರೆಗೆ ಮೊಬೈಲ್ ಜೇಬಿನಲ್ಲಿದ್ದರೇ ಖರ್ಚು. ಆಮೇಲೆ ಒಂದು ಪೈಸೆ ಖರ್ಚಿಲ್ಲದೆ ಊರಿನವರೆಲ್ಲರ ಕರೆ ಎತ್ತಿಕೊಳ್ಳಬಹುದಾಯಿತು. ಮಿಸ್ ಕಾಲ್ ಕೊಡುವ ಪದ್ಧತಿ ಬೇರು ಬಿಟ್ಟದ್ದೂ ಇದರಿಂದಲೇ: ಇತ್ತ ಎರಡು ರಿಂಗು ಕೊಟ್ಟು ಕತ್ತರಿಸಿದರೆ, ಕರೆನ್ಸಿ ಇದ್ದವರು ಅತ್ತಲಿಂದ ಮಾಡುತ್ತಾರೆ.

ಅದೇ 2003ರ ಕೊನೆಗೆ ನೋಕಿಯಾ 1100 ಮಾರುಕಟ್ಟೆಗೆ ಬಂತು. ಅದಕ್ಕೂ ಮೊದಲಿನ ಹೆಸರುವಾಸಿ ಸೆಟ್ಟು, 2000ದ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ನೋಕಿಯಾ 3310. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮೂರೇ ವರ್ಷಗಳಲ್ಲಿ ತಯಾರಕರ ಗಮನ ಎತ್ತ ತಿರುಗಿತೆಂಬುದು ತಿಳಿಯುತ್ತದೆ. 3310ರ ತೂಕ 133 ಗ್ರಾಂ, ಮೂಲ ಬ್ಯಾಟರಿ ನಿಕಲ್ ಜಾತಿಯದು. ಹಾವಿನ ಆಟ, ಬದಲಿಸಬಹುದಾದ ಹೊರಕವಚ, ವೈಬ್ರೇಷನ್ ಅದರ ಆಕರ್ಷಣೆಗಳು. 1100ರ ತೂಕ 86 ಗ್ರಾಂ. ಲಿಥಿಯಂ ಬ್ಯಾಟರಿ, ಸುಮ್ಮನೆ ಇಟ್ಟರೆ 400 ಗಂಟೆಯವರೆಗೆ ಚಾರ್ಜು ಎಂದು ಕಂಪನಿ ಹೇಳುತ್ತಿತ್ತು. ಇಡೀ ಮುಂಭಾಗಕ್ಕೆ ಒಂದೇ ರಬ್ಬರಿನ ಹಾಳೆ ಹೊದಿಸಿದ್ದರಿಂದ ಗುಂಡಿಗಳ ಸಂದಿಯಲ್ಲಿ ದೂಳು ಇಳಿಯುತ್ತಿರಲಿಲ್ಲ. ಬೆವರಿದ ಕೈಯಿಂದ ಜಾರದಿರಲಿ ಎಂದು ಬದಿಗಳನ್ನು ಒರಟು ಮಾಡಿದ್ದರು. ನೆತ್ತಿಯ ಮೇಲೆ ಪುಟ್ಟ ಟಾರ್ಚು: ‘ಸಿ’ ಗುಂಡಿ ಒತ್ತಿ ಹಿಡಿದರೆ ಬೆಳಕು. ಕ್ಯಾಮೆರಾ ಇಲ್ಲ, ಬಣ್ಣವಿಲ್ಲ, ರೇಡಿಯೋ ಕೂಡ ಇಲ್ಲ. ಆದರೂ ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಗಿ, ಅತಿ ಹೆಚ್ಚು ಮಾರಾಟವಾದ ಫೋನುಗಳ ಸಾಲಿನಲ್ಲಿ ಅದು ನಿಂತಿದೆ.

ಅಭಿವೃದ್ಧಿಶೀಲ ದೇಶಗಳಿಗಾಗಿಯೇ ರೂಪಿಸಿದ ಸೆಟ್ಟು ಅದು. ಗುಬ್ಬಿ ತಾಲ್ಲೂಕಿನ ತೋಟದ ಮನೆಯನ್ನು ನೆನೆದರೆ ಆ ರೂಪ ಎಷ್ಟು ಹೊಂದಿಕೆಯಾಗಿತ್ತೆಂದು ಅರ್ಥವಾಗುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಹೆಚ್ಚಾಗಿ ಸರಿರಾತ್ರಿಯಲ್ಲಿ ಬರುತ್ತಿತ್ತು. ಆಗ ಎದ್ದು ಬದುವಿನ ಮೇಲೆ ನಡೆದು ಹೋಗಿ ಮೋಟರು ಹಾಕಬೇಕು. ಹಾವು ಚೇಳುಗಳ ಭಯವಿರುವ ದಾರಿಯಲ್ಲಿ ಟಾರ್ಚೆಂಬುದು ಅಲಂಕಾರವಲ್ಲ, ಜೀವರಕ್ಷಣೆ. ಬೇರೆ ಟಾರ್ಚು ಮರೆತು ಹೋಗಬಹುದು, ಜೇಬಿನ ಫೋನು ಮರೆತು ಹೋಗುವುದು ಅಪರೂಪ. ಕಣದ ದೂಳು, ತೆಂಗಿನಕಾಯಿ ಸುಲಿಯುವಲ್ಲಿನ ನಾರು ಇವುಗಳ ನಡುವೆ ಒಂದೇ ಹಾಳೆಯ ಕೀಪ್ಯಾಡ್ ಎಷ್ಟೋ ವರ್ಷ ಬಾಳಿಕೆ ಬಂತು.

ಚಾರ್ಜಿನ ಮಾತು ಇದಕ್ಕೆ ಅಂಟಿಕೊಂಡಿದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಲೈನನ್ನು ಪಂಪ್‌ಸೆಟ್ಟುಗಳ ಲೈನಿನಿಂದ ಬೇರೆ ಮಾಡುವ ಮುನ್ನ ಹಳ್ಳಿಗಳಲ್ಲಿ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬ ಭರವಸೆ ಇರಲಿಲ್ಲ. ದಿನಕ್ಕೊಮ್ಮೆ ಚಾರ್ಜು ಕೇಳುವ ಸೆಟ್ಟು ಅಲ್ಲಿ ಕೆಲಸಕ್ಕೆ ಬಾರದು. ಇದನ್ನೇ ಹಿಡಿದು ಮಾರುಕಟ್ಟೆಗೆ ಬಂದದ್ದು ಮೈಕ್ರೋಮ್ಯಾಕ್ಸ್ ಎಕ್ಸ್1ಐ. ನೋಕಿಯಾ 1100ರ ಬ್ಯಾಟರಿ 850 ಎಂಎಎಚ್ ಆದರೆ ಇದರದ್ದು 1800, ಅಂದರೆ ಎರಡರಷ್ಟಕ್ಕಿಂತ ಹೆಚ್ಚು. ಒಮ್ಮೆ ಚಾರ್ಜು ಮಾಡಿದರೆ 30 ದಿನ ಎಂಬುದು ಅದರ ಘೋಷಣೆ. ಸ್ಯಾಮ್‌ಸಂಗ್ 2009ರಲ್ಲಿ ಬೆನ್ನಿಗೆ ಸೌರಫಲಕ ಅಂಟಿಸಿದ ಸೋಲಾರ್ ಗುರು ತಂದಿತು. ಒಂದು ಗಂಟೆ ಬಿಸಿಲಿಗಿಟ್ಟರೆ ಸಿಗುವುದು ಐದು-ಹತ್ತು ನಿಮಿಷದ ಮಾತಷ್ಟೇ. ಆಪತ್ತಿಗೆ ಆದೀತು, ದಿನಬಳಕೆಗೆ ದೊಡ್ಡ ಬ್ಯಾಟರಿಯೇ ಮೇಲು.

ಚಾರ್ಜಿಗೂ ಟವರಿಗೂ ಇರುವ ನಂಟು ಬಹಳ ಜನರಿಗೆ ಗೊತ್ತಿರಲಿಲ್ಲ. ಟವರ್ ದೂರವಾದಷ್ಟೂ ಫೋನು ತನ್ನ ತರಂಗವನ್ನು ಜೋರಾಗಿ ಕಳಿಸಬೇಕು, ಅದಕ್ಕೆ ಬ್ಯಾಟರಿ ಹೆಚ್ಚು ಖರ್ಚಾಗುತ್ತದೆ. ತುಮಕೂರಿನ ಎಂ.ಜಿ. ರಸ್ತೆಯಲ್ಲಿ ನಾಲ್ಕು ದಿನ ನಿಲ್ಲುವ ಚಾರ್ಜು ಹುಲಿಯೂರುದುರ್ಗದ ಬೆಟ್ಟಗಳ ಹಿಂದಿನ ಹಳ್ಳಿಯಲ್ಲಿ ಅಷ್ಟು ದಿನ ನಿಲ್ಲದಿದ್ದರೆ ತಪ್ಪು ಸೆಟ್ಟಿನದಲ್ಲ. ಮೊದಲು ಪರವಾನಗಿ ಪಡೆದ ಕಂಪನಿಗಳಿಗೆ 900 ಮೆಗಾಹರ್ಟ್ಸ್ ತರಂಗ ಸಿಕ್ಕಿತ್ತು, ತಡವಾಗಿ ಬಂದವರಿಗೆ 1800. ಕಡಿಮೆ ಆವರ್ತನದ ತರಂಗ ಹೆಚ್ಚು ದೂರ ಸಾಗುತ್ತದೆ, ಗುಡ್ಡ, ಗೋಡೆ, ದಟ್ಟ ತೋಟಗಳನ್ನು ದಾಟುವುದರಲ್ಲೂ ಮುಂದು. ಹೀಗಾಗಿ ಪೇಟೆಯಲ್ಲಿ ಎಲ್ಲ ಕಂಪನಿಗಳೂ ಒಂದೇ ಎನಿಸಿದರೂ ಹಳ್ಳಿಯಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಸೆಟ್ಟಿಗಿಂತ ಮೊದಲು ಸಿಮ್ಮು ಆರಿಸಬೇಕು, ಅದಕ್ಕೂ ಮೊದಲು ನಮ್ಮ ಮನೆಯ ಹತ್ತಿರದ ಟವರ್ ಯಾರದೆಂದು ವಿಚಾರಿಸಬೇಕು ಎಂಬ ಹಳ್ಳಿಯ ಬುದ್ಧಿವಾದ ಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು.

ಸಿಡಿಎಂಎ ಎಂಬ ಬೇರೆ ತಂತ್ರಜ್ಞಾನ ಬಳಸಿದ ರಿಲಯನ್ಸ್ ಸೆಟ್ಟುಗಳದು ಬೇರೆಯೇ ದಾರಿ. 2003ರ ಜುಲೈನಲ್ಲಿ 501 ರೂಪಾಯಿ ಕೊಟ್ಟವರಿಗೆ ಎಲ್‌ಜಿ, ಸ್ಯಾಮ್‌ಸಂಗ್ ಮೊದಲಾದವರ ಸೆಟ್ಟು ಕೈಗೆ ಬರುವ ಯೋಜನೆ ಆರಂಭವಾಯಿತು. ಉಳಿದದ್ದನ್ನು ತಿಂಗಳ ಬಿಲ್ಲಿನಲ್ಲಿ ತೀರಿಸಬೇಕು. ಮಾತು ಸ್ಪಷ್ಟ, ದರ ಅಗ್ಗ. ಆದರೆ ಅವುಗಳಲ್ಲಿ ಸಿಮ್ಮು ಇರಲಿಲ್ಲ, ನಂಬರು ಸೆಟ್ಟಿನೊಳಗೇ ಬೆಸೆದುಕೊಂಡಿರುತ್ತಿತ್ತು. ಸೆಟ್ಟು ಕೆಟ್ಟ ದಿನ ಅಣ್ಣನ ಫೋನಿಗೆ ಸಿಮ್ಮು ಹಾಕಿಕೊಂಡು ಮಾತಾಡುವ ಅವಕಾಶವಿಲ್ಲ. ಒಂದು ಸೆಟ್ಟನ್ನು ಇಡೀ ಮನೆ ಬಳಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಕೊರತೆಯಲ್ಲ. ನೋಕಿಯಾ 3310ರಲ್ಲಿ ಹೆಸರು-ನಂಬರುಗಳೆಲ್ಲ ಸಿಮ್ಮಿನಲ್ಲೇ ಉಳಿಯುತ್ತಿದ್ದವು. ಫೋನಿನೊಳಗೆ ಬೇರೆ ಜಾಗವಿರಲಿಲ್ಲವೆಂಬುದು ಕಾಗದದ ಮೇಲೆ ಕೊರತೆ, ಬಳಕೆಯಲ್ಲಿ ಅನುಕೂಲ. ಸಿಮ್ಮು ತೆಗೆದರೆ ನಂಬರುಗಳ ಗಂಟೂ ಜೊತೆಗೆ ಬರುತ್ತಿತ್ತು.

ದರಸಮರದ ಕಾಲಕ್ಕೆ ಒಂದು ಸಿಮ್ಮೂ ಸಾಲದಾಯಿತು. 2009ರ ಜೂನ್‌ನಲ್ಲಿ ಟಾಟಾ ಡೊಕೊಮೊ ಸೆಕೆಂಡ್ ಲೆಕ್ಕದ ದರ ತಂದಾಗ ಉಳಿದವರೂ ಹಿಂಬಾಲಿಸಿದರು. ಒಬ್ಬರ ಸಿಮ್ಮಿಗೆ ಟವರ್ ಚೆನ್ನ, ಇನ್ನೊಬ್ಬರದಕ್ಕೆ ದರ ಕಡಿಮೆ. ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ದಿನವೂ ಓಡಾಡುವವರಿಗೆ ಅಲ್ಲಿಗೊಂದು, ಮನೆಗೊಂದು ಬೇಕು. ಎರಡು ಸಿಮ್ಮಿನ ಸೆಟ್ಟು ತಂದು ಗೆದ್ದವರು ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಮತ್ತು ಚೈನಾ ಸೆಟ್ಟುಗಳ ವ್ಯಾಪಾರಿಗಳು. ಭಾರತದ ಮಾರುಕಟ್ಟೆಯನ್ನೇ ಆಳುತ್ತಿದ್ದ ನೋಕಿಯಾ ಎರಡು ಸಿಮ್ಮಿನ ಸೆಟ್ಟು ಮಾರಲು ತೊಡಗಿದ್ದು 2011ರಲ್ಲಿ. ಬಳಸುವವರ ಕಷ್ಟವನ್ನು 1100ರಲ್ಲಿ ಅಷ್ಟು ಚೆನ್ನಾಗಿ ಓದಿದ್ದ ಕಂಪನಿ ಇಲ್ಲಿ ತಡ ಮಾಡಿದ್ದಕ್ಕೆ ತಕ್ಕ ಬೆಲೆ ತೆತ್ತಿತು.

ಚೈನಾ ಸೆಟ್ಟುಗಳ ಸದ್ದು ಜೋರು, ಪರದೆ ದೊಡ್ಡದು, ಬೆಲೆ ಕಡಿಮೆ. ಮೆಮೊರಿ ಕಾರ್ಡಿಗೆ ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡರೆ ಟೇಪ್ ರೆಕಾರ್ಡರೇ ಬೇಡ. ಬಾಳಿಕೆ ಮಾತ್ರ ನಂಬುವಂತಿರಲಿಲ್ಲ. ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು 2009ರ ಡಿಸೆಂಬರ್ 1ರಂದು. ಪ್ರತಿ ಸೆಟ್ಟಿಗೂ ಇರಬೇಕಾದ 15 ಅಂಕಿಯ ಐಎಂಇಐ ಸಂಖ್ಯೆ ಇಲ್ಲದವುಗಳ ಸಂಪರ್ಕವನ್ನು ಅಂದಿನಿಂದ ಕಡಿಯುವಂತೆ ಸರ್ಕಾರ ಆದೇಶಿಸಿತ್ತು. ಅಧಿಕೃತ ಕೇಂದ್ರಗಳಲ್ಲಿ 199 ರೂಪಾಯಿಗೆ ಸಂಖ್ಯೆ ಹಾಕಿಸಿಕೊಳ್ಳುವ ಏರ್ಪಾಟಿತ್ತು. ಸೆಟ್ಟು ಕೊಳ್ಳುವಾಗ ಈ ಸಂಖ್ಯೆ ಇದೆಯೇ ಎಂದು *#06# ಒತ್ತಿ ನೋಡುವ ರೂಢಿ ಜನರಲ್ಲಿ ಬಂದದ್ದು ಆ ದಿನಗಳಲ್ಲಿ.

ಭಾಷೆಯ ವಿಷಯದಲ್ಲಿ ಎಲ್ಲ ಸೆಟ್ಟುಗಳೂ ಸೋತವು ಎಂದೇ ಹೇಳಬೇಕು. ಎಸ್‌ಎಂಎಸ್ ಒಂದರ ಗಾತ್ರ 140 ಬೈಟು. ಇಂಗ್ಲಿಷ್ ಅಕ್ಷರಗಳಾದರೆ ಅದರಲ್ಲಿ 160 ಹಿಡಿಸುತ್ತವೆ, ಕನ್ನಡದ ಯೂನಿಕೋಡ್ ಸಂಕೇತಗಳಾದರೆ 70 ಮಾತ್ರ. ಅದರಲ್ಲೂ ಗುಣಿತ, ಒತ್ತುಗಳಿಗೆ ಬೇರೆ ಬೇರೆ ಲೆಕ್ಕ. ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ‘ಗುಬ್ಬಿ’ ಆರು ಸಂಕೇತ ತಿನ್ನುತ್ತದೆ, ‘ಕುಣಿಗಲ್’ ಏಳು. ಅಷ್ಟು ಕಷ್ಟಪಟ್ಟು ಬರೆದರೂ ಅತ್ತಲಿನ ಸೆಟ್ಟಿನಲ್ಲಿ ಕನ್ನಡ ಇಲ್ಲದಿದ್ದರೆ ಅಲ್ಲಿ ಕಾಣುವುದು ಬರೀ ಚೌಕದ ಗುರುತುಗಳು. ಆದ್ದರಿಂದ ಜನ ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆದರು, ಅದು ಬಾರದವರು ಕರೆಯನ್ನಷ್ಟೇ ನಂಬಿದರು. ಓದುಬರಹ ಗೊತ್ತಿಲ್ಲದವರನ್ನು ಮನಸ್ಸಿನಲ್ಲಿಟ್ಟು ಮೊಟೊರೊಲಾ 2006ರಲ್ಲಿ ಮೋಟೋಫೋನ್ ಎಫ್3 ತಂದಿತು. ಮೆನುವನ್ನು ಧ್ವನಿಯಲ್ಲಿ ಹೇಳುವ ಏರ್ಪಾಟು, ಒಂದು ಸೆಂಟಿಮೀಟರಿಗೂ ಕಡಿಮೆ ದಪ್ಪ, ಉರಿಬಿಸಿಲಿನಲ್ಲೂ ಕಾಗದದ ಮೇಲಿನ ಅಚ್ಚಿನಂತೆ ಕಾಣುವ ಪರದೆ. ಹೊಲದಲ್ಲಿ ನಿಂತು ನಂಬರು ಓದಲು ಅದಕ್ಕಿಂತ ಒಳ್ಳೆಯ ಪರದೆ ಆ ಬೆಲೆಗೆ ಸಿಗುತ್ತಿರಲಿಲ್ಲ. ಆದರೆ ಒಂದು ಸಾಲಿಗೆ ಆರೇ ಅಕ್ಷರ, ಒಟ್ಟು ಎರಡೇ ಸಾಲು. ಮೆಸೇಜು ಓದುವುದು ಪಾಡಾಗಿತ್ತು. ಒಂದೇ ಒಂದು ಕೊರತೆ ಇಡೀ ಸೆಟ್ಟನ್ನು ಹಿಂದಕ್ಕೆ ತಳ್ಳಿದ್ದು ವಿಷಾದದ ಸಂಗತಿ.

ಇನ್ನೊಂದು ತುದಿಯಲ್ಲಿ 2003ರ ನೋಕಿಯಾ 6600: ಬಣ್ಣದ ಪರದೆ, ಕ್ಯಾಮೆರಾ, ಬ್ಲೂಟೂತ್, ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳುವ ಸೌಲಭ್ಯ. ಇಂದಿನ ಸ್ಮಾರ್ಟ್‌ಫೋನಿನ ಪೂರ್ವಜ ಅದು, ಸಾಮಾನ್ಯರಿಗೆ ನಿಲುಕದ ಬೆಲೆಯದು. ವಿಶೇಷವೆಂದರೆ ಆ ದುಬಾರಿ ಸೆಟ್ಟಿಗೂ 1100ಕ್ಕೂ ಬ್ಯಾಟರಿ ಒಂದೇ, ಬಿಎಲ್-5ಸಿ.

ರಿಪೇರಿಯ ಮಟ್ಟಿಗೆ ಇದಕ್ಕಿಂತ ಬೆಲೆಬಾಳುವ ಗುಣ ಬೇರೆ ಇರಲಿಲ್ಲ. ಒಂದೇ ಬ್ಯಾಟರಿ ಹತ್ತಾರು ಮಾಡೆಲ್ಲಿಗೆ ಹೊಂದಿದ್ದರಿಂದ ಸಣ್ಣ ಅಂಗಡಿಯವರೂ ಅದನ್ನು ಇಟ್ಟಿರುತ್ತಿದ್ದರು. ಹಿಂಬದಿಯ ಮುಚ್ಚಳ ಉಗುರಿನಲ್ಲಿ ಬಿಚ್ಚಿ ಬದಲಿಸಿದರಾಯಿತು. ಪ್ಯಾನೆಲ್, ಕೀಪ್ಯಾಡ್, ಸ್ಪೀಕರ್ ಎಲ್ಲವೂ ಬಿಡಿಯಾಗಿ ಸಿಗುತ್ತಿದ್ದವು. ನೋಕಿಯಾ ಚಾರ್ಜರುಗಳಲ್ಲಿ ದಪ್ಪ ಪಿನ್ನು, ಸಣ್ಣ ಪಿನ್ನು ಎಂದು ಎರಡೇ ಬಗೆ, ನೆಂಟರ ಮನೆಗೆ ಹೋದರೂ ಯಾವುದಾದರೊಂದು ಇದ್ದೇ ಇರುತ್ತಿತ್ತು. 2007ರ ಆಗಸ್ಟ್‌ನಲ್ಲಿ ಮಾತ್ರ ಈ ಬ್ಯಾಟರಿ ಆತಂಕ ತಂದಿತು. ಮತ್ಸುಶಿತ ಕಂಪನಿ ತಯಾರಿಸಿದ್ದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜು ಮಾಡುವಾಗ ಅತಿಯಾಗಿ ಕಾಯಬಹುದೆಂದು ನೋಕಿಯಾ ಎಚ್ಚರಿಸಿತು, ಬೇಕಾದವರಿಗೆ ಉಚಿತವಾಗಿ ಬದಲಿಸಿಕೊಡಲು ಒಪ್ಪಿತು.

ಇವೆಲ್ಲದರ ನಡುವೆ ಯಾವ ತಯಾರಕರೂ ಜಾಹೀರು ಮಾಡದ ಉಪಯೋಗವೊಂದನ್ನು ಬಯಲುಸೀಮೆಯ ರೈತರು ಕಂಡುಕೊಂಡರು. ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಸಿಮ್ಮು ಹಾಕಿದ ಪೆಟ್ಟಿಗೆಯೊಂದನ್ನು ಜೋಡಿಸಿದರೆ ಮನೆಯಿಂದಲೇ ಕರೆ ಮಾಡಿ ಮೋಟರು ಹಾಕಬಹುದು, ನಿಲ್ಲಿಸಬಹುದು, ಕರೆಂಟು ಬಂದಿದೆಯೇ ಎಂದೂ ತಿಳಿಯಬಹುದು. ಪುಣೆಯ ನ್ಯಾನೋ ಗಣೇಶ್ ಈ ಬಗೆಯ ಹೆಸರಾಂತ ಸಾಧನ. ಇದಕ್ಕೆ ಸ್ಮಾರ್ಟ್‌ಫೋನು ಬೇಕಿಲ್ಲ, ಅತ್ಯಂತ ಅಗ್ಗದ ಬಟನ್ ಸೆಟ್ಟು ಸಾಕು. ಟಾರ್ಚು ಹಿಡಿದು ನಡುರಾತ್ರಿ ತೋಟಕ್ಕೆ ಹೋಗುವ ಕಷ್ಟವನ್ನೇ ಅದು ತಪ್ಪಿಸಿತು.

ಅಂದಿನ ಸೆಟ್ಟುಗಳಲ್ಲಿ ಯಾವುವು ಈಗಲೂ ನಡೆಯುತ್ತವೆ ಎಂಬುದು ಜಾಲವನ್ನು ಅವಲಂಬಿಸಿದೆ. ಸಿಡಿಎಂಎ ಸೇವೆ ಮುಚ್ಚಿದ್ದರಿಂದ ಆ ಸೆಟ್ಟುಗಳು ನಿರುಪಯುಕ್ತವಾಗಿವೆ. 2016ರಲ್ಲಿ ಬಂದ ಜಿಯೋದ ಬಳಿ 2ಜಿ ಜಾಲವೇ ಇಲ್ಲವಾದ್ದರಿಂದ ಅದರ ಸಿಮ್ಮು ಹಳೆಯ ಸೆಟ್ಟುಗಳಲ್ಲಿ ಕೆಲಸ ಮಾಡದು. 2ಜಿ ಉಳಿಸಿಕೊಂಡಿರುವ ಕಂಪನಿಯ ಸಿಮ್ಮಾದರೆ 3310ರಲ್ಲೂ 1100ರಲ್ಲೂ ಇಂದಿಗೂ ಮಾತಾಡಬಹುದು. ಈಗಿನ ಸಿಮ್ಮು ಉಗುರಿನಷ್ಟು ಚಿಕ್ಕದಾಗಿರುವುದರಿಂದ ಅದನ್ನು ಹಳೆಯ ಅಳತೆಯ ಚೌಕಟ್ಟಿನಲ್ಲಿ ಕೂರಿಸಿ ಹಾಕಬೇಕು.