ತಿದ್ದಲು ಕಲಿತ ಕಣ್ಣು

1917ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಕಾಟಿಂಗ್ಲಿ ಎಂಬ ಹಳ್ಳಿಯಲ್ಲಿ ಇಬ್ಬರು ಹುಡುಗಿಯರು ಮನೆಯ ಹಿಂದಿನ ಹಳ್ಳದ ದಂಡೆಗೆ ಹೋಗಿ ಫೋಟೋ ತೆಗೆದುಕೊಂಡು ಬಂದರು. ಎಲ್ಸಿ ರೈಟ್‌ಗೆ ಆಗ 16 ವರ್ಷ, ಅವಳ ಸೋದರಸಂಬಂಧಿ ಫ್ರಾನ್ಸಿಸ್ ಗ್ರಿಫಿತ್ಸ್‌ಗೆ 9. ಚಿತ್ರ ತೊಳೆದು ನೋಡಿದರೆ ಫ್ರಾನ್ಸಿಸಳ ಮುಂದೆ ರೆಕ್ಕೆಯುಳ್ಳ ಪುಟಾಣಿ ಕಿನ್ನರಿಯರು ಕುಣಿಯುತ್ತಿದ್ದರು. ಷರ್ಲಾಕ್ ಹೋಮ್ಸ್ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಅಂಥವರೇ ಇದನ್ನು ನಂಬಿ, 1920ರ ಡಿಸೆಂಬರ್‌ನಲ್ಲಿ ಸ್ಟ್ರಾಂಡ್ ಮ್ಯಾಗಜೀನ್‌ನಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು ನೆಗೆಟಿವ್ ಪರೀಕ್ಷಿಸಿದ್ದ ಛಾಯಾಗ್ರಹಣ ತಜ್ಞರೊಬ್ಬರು ಒಂದರ ಮೇಲೊಂದು ಚಿತ್ರ ಮೂಡಿಸಿದ ಗುರುತಾಗಲಿ, ಸ್ಟುಡಿಯೋ ಕೈಚಳಕವಾಗಲಿ ಇಲ್ಲ ಎಂದಿದ್ದರು. ಇಬ್ಬರೂ ಮುದುಕಿಯರಾದ ಮೇಲೆ, 1983ರಲ್ಲಿ, ನಿಜ ಹೊರಬಿತ್ತು: ಮಕ್ಕಳ ಪುಸ್ತಕವೊಂದರ ಚಿತ್ರಗಳನ್ನು ನೋಡಿ ಬರೆದು, ಕತ್ತರಿಸಿ, ಟೋಪಿಗೆ ಚುಚ್ಚುವ ಪಿನ್ನುಗಳಿಂದ ಗಿಡಗಳ ನಡುವೆ ನಿಲ್ಲಿಸಿದ್ದರು. ನೆಗೆಟಿವ್ ಬಗ್ಗೆ ತಜ್ಞರು ಹೇಳಿದ್ದು ತಪ್ಪೇನಲ್ಲ, ಅದು ಶುದ್ಧವಾಗಿಯೇ ಇತ್ತು. ಸುಳ್ಳೆಲ್ಲ ಕ್ಯಾಮೆರಾದ ಎದುರಿಗಿತ್ತು. ಮೊದಲಿನಿಂದಲೂ ಅನುಮಾನಪಟ್ಟವನು ಎಲ್ಸಿಯ ಅಪ್ಪ. ಮಗಳಿಗೆ ಚಿತ್ರ ಬರೆಯುವ ಕೈಯಿದೆ, ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡಿದ ಅನುಭವವೂ ಇದೆ ಎಂದು ಅವನಿಗೆ ಗೊತ್ತಿತ್ತು. ಎರಡನೆಯ ಚಿತ್ರ ಬಂದ ಮೇಲೆ ತನ್ನ ಕ್ಯಾಮೆರಾವನ್ನು ಅವಳ ಕೈಗೆ ಕೊಡುವುದನ್ನೇ ನಿಲ್ಲಿಸಿದ.

ಹೈಸ್ಕೂಲಿನಲ್ಲಿ ಫೋಟೋಗ್ರಫಿಯನ್ನು ಹೇಗೆ ಕಲಿಸಬೇಕು ಎಂಬ ಚರ್ಚೆಗೆ ಈ ಪ್ರಕರಣ ನೇರವಾಗಿ ಸಂಬಂಧಿಸಿದೆ. ಚಿತ್ರ ಹೇಗೆ ತಯಾರಾಯಿತೆಂದು ಬಲ್ಲವನಿಗೆ ಎಲ್ಲಿ ಹುಡುಕಬೇಕೆಂಬುದೂ ತಿಳಿದಿರುತ್ತದೆ. ಹಾಗಾದರೆ ತಜ್ಞರಿಗೆ ಏಕೆ ತಿಳಿಯಲಿಲ್ಲ ಎಂದು ಕೇಳಬಹುದು. ಅವರಿಗೆ ಡಾರ್ಕ್‌ರೂಮಿನ ಮೋಸಗಳು ಗೊತ್ತಿದ್ದವು, ಆದ್ದರಿಂದ ಡಾರ್ಕ್‌ರೂಮಿನ ಮೋಸವನ್ನೇ ಹುಡುಕಿದರು. ಇಂದು ಕಂಪ್ಯೂಟರ್ ಲ್ಯಾಬಿನಲ್ಲಿ ಕೂರಿಸಿ ಸಾಫ್ಟ್‌ವೇರ್ ಒಂದನ್ನೇ ಕಲಿಸಿದರೆ ಮಕ್ಕಳೂ ಅದೇ ಜಾಗದಲ್ಲಿ ಎಡವುತ್ತಾರೆ. ಕ್ಯಾಮೆರಾ ಒಂದನ್ನೇ ಕೊಟ್ಟು ಸೂರ್ಯಾಸ್ತ, ಹೂವು, ಚಿಟ್ಟೆ ತೆಗೆಸಿ ವಾರ್ಷಿಕೋತ್ಸವದಲ್ಲಿ ಬಹುಮಾನ ಕೊಟ್ಟರೆ ಅದೂ ಅರ್ಧ ಪಾಠ. ನನ್ನ ವಾದ ಇಷ್ಟು: ಮಾಧ್ಯಮ ವಿಷಯ ಕಲಿಯುವ ಮಕ್ಕಳಿಗೆ ಫೋಟೋ ತೆಗೆಯುವುದನ್ನೂ ತಿದ್ದುವುದನ್ನೂ ಮೊದಲ ದಿನದಿಂದ ಒಂದೇ ಪಾಠವಾಗಿ, ಅವರ ಕೈಯಿಂದಲೇ ಮಾಡಿಸಿ ಕಲಿಸಬೇಕು. ಮಾಡಿದ ಪ್ರತಿ ತಿದ್ದುಪಡಿಗೂ ಅವರಿಂದ ಲೆಕ್ಕ ಕೇಳಬೇಕು.

ಮೊದಲ ಪ್ರಯೋಗಕ್ಕೆ ಕ್ಯಾಮೆರಾ ಕೂಡ ಬೇಡ. ಆಟದ ಮೈದಾನದ ಕಡೆ ಮುಖ ಮಾಡಿದ ತರಗತಿಯೊಂದರ ಕಿಟಕಿ ಬಾಗಿಲುಗಳಿಗೆಲ್ಲ ಕಪ್ಪು ರಟ್ಟು ಬಡಿದು, ಒಂದು ಕಡೆ ರೂಪಾಯಿ ನಾಣ್ಯಕ್ಕಿಂತ ಚಿಕ್ಕ ತೂತು ಬಿಟ್ಟರೆ ಸಾಕು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಐದಾರು ನಿಮಿಷ ಬೇಕು. ಆಮೇಲೆ ಎದುರು ಗೋಡೆಯ ಮೇಲೆ ಧ್ವಜಸ್ತಂಭ ತಲೆಕೆಳಗಾಗಿ ನಿಂತಿರುತ್ತದೆ, ಮೈದಾನದಲ್ಲಿ ಓಡುವವರು ಚಾವಣಿಯ ಕಡೆಗೆ ಕಾಲಿಟ್ಟು ಓಡುತ್ತಿರುತ್ತಾರೆ. ತೂತು ಕಿರಿದು ಮಾಡಿದರೆ ಚಿತ್ರ ಚೊಕ್ಕವಾಗುತ್ತದೆ, ಆದರೆ ಮಂಕಾಗುತ್ತದೆ. ಹಿಗ್ಗಿಸಿದರೆ ಬೆಳಕು ಹೆಚ್ಚುತ್ತದೆ, ಅಂಚುಗಳು ಕದಡುತ್ತವೆ. ಮುಂದೆ ಅಪರ್ಚರ್ ಎಂದು ಕಲಿಯಬೇಕಾದ ವಿಷಯದ ಒಂದು ದೊಡ್ಡ ಪಾಲು ಇಲ್ಲೇ ಮುಗಿಯಿತು. ಅದಕ್ಕಿಂತ ಮುಖ್ಯವಾದದ್ದು, ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು ಎಂಬುದು ಮಕ್ಕಳಿಗೆ ಕಣ್ಣಾರೆ ತಿಳಿಯುತ್ತದೆ. ಆಗ ಫೋನ್ ಕೈಗೆ ಕೊಟ್ಟು ಹೇಳಬೇಕು: ಇದರೊಳಗಿನ ಸೆನ್ಸರ್‌ನ ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿಯ ಪೈಕಿ ಒಂದೇ ಬಣ್ಣವನ್ನು ಅಳೆಯುತ್ತದೆ, ಉಳಿದೆರಡನ್ನು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಲೆಕ್ಕ ಹಾಕಿ ತುಂಬಲಾಗುತ್ತದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಈ ವ್ಯವಸ್ಥೆಯೇ ಇಂದಿನ ಬಹುಪಾಲು ಡಿಜಿಟಲ್ ಕ್ಯಾಮೆರಾಗಳಲ್ಲಿದೆ. ಅಂದರೆ ನಾವು ಬೆರಳಿಡುವ ಮೊದಲೇ ಚಿತ್ರದ ಮೂರರಲ್ಲಿ ಎರಡು ಪಾಲು ಬಣ್ಣ ಅಂದಾಜಿನದು. ಈಗಿನ ಫೋನುಗಳು ಇನ್ನೂ ಮುಂದೆ ಹೋಗಿ ಹಲವು ಫ್ರೇಮುಗಳನ್ನು ಬೆಸೆದು ಒಂದೇ ಚಿತ್ರ ಮಾಡುತ್ತವೆ. 2023ರಲ್ಲಿ ಒಬ್ಬರು ಬೇಕೆಂದೇ ಮಸುಕುಗೊಳಿಸಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು ದುಬಾರಿ ಫೋನೊಂದರಲ್ಲಿ ಸೆರೆಹಿಡಿದರೆ, ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಕಂಡವು. ಎಡಿಟ್ ಮಾಡದ ಫೋಟೋ ಪೂರ್ತಿ ಸತ್ಯ, ಎಡಿಟ್ ಮಾಡಿದ್ದು ಸುಳ್ಳು ಎಂಬ ಸರಳ ವಿಂಗಡಣೆ ಇಲ್ಲಿಗೇ ಬಿದ್ದುಹೋಗುತ್ತದೆ. ಬೀಳಲೇಬೇಕು.

ನಿಜವಾದ ಕೆಲಸ ಶುರುವಾಗುವುದು ಕಥೆ ಹೇಳುವ ಪ್ರಾಜೆಕ್ಟ್‌ನಲ್ಲಿ. ನಮ್ಮ ಸರ್ಕಾರಿ ಹೈಸ್ಕೂಲುಗಳಿಗೆ ದೂರದ ವಿಷಯ ಬೇಡ, ಮಧ್ಯಾಹ್ನದ ಬಿಸಿಯೂಟ ಅಂಗಳದಲ್ಲೇ ನಡೆಯುತ್ತದೆ. ಐದೈದು ಮಕ್ಕಳ ಗುಂಪು ಮಾಡಿ, ಗುಂಪಿಗೊಂದು ಫೋನ್ ಕೊಟ್ಟು, ಬಿಸಿಯೂಟದ ಬಗ್ಗೆ ಐದೇ ಚಿತ್ರ ತರಬೇಕೆಂದು ಹೇಳಬೇಕು: ಇಡೀ ಜಾಗ ಕಾಣುವ ಒಂದು, ಕೆಲಸ ನಡೆಯುವ ಒಂದು, ಮುಖದ್ದೊಂದು, ಕೈಗಳದ್ದೊಂದು, ಎಲ್ಲ ಮುಗಿದ ಮೇಲಿನದ್ದೊಂದು. ಮೊದಲ ದಿನ ಬಹುತೇಕ ಚಿತ್ರಗಳು ಕೆಡುತ್ತವೆ. ಸಾರಿನ ಹಂಡೆಯ ಹತ್ತಿರ ಹೋದರೆ ಹಬೆ ಕೂತು ಲೆನ್ಸ್ ಮಸುಕಾಗುತ್ತದೆ, ಕತ್ತಲ ಅಡುಗೆಕೋಣೆಯಲ್ಲಿ ಸೌಟು ಆಡಿಸುವ ಕೈ ಕಲೆಸಿಹೋಗುತ್ತದೆ, ಬಾಗಿಲಿನ ಬೆಳಕಿಗೆ ಬೆನ್ನು ಮಾಡಿ ನಿಂತ ಅಡುಗೆಯಮ್ಮನ ಮುಖ ಕಪ್ಪಗಾಗುತ್ತದೆ. ಶಟರ್ ವೇಗ, ಐಎಸ್‌ಒ, ಬೆಳಕಿನ ದಿಕ್ಕು ಎಲ್ಲವೂ ಈ ತೊಂದರೆಗಳಿಗೆ ಉತ್ತರವಾಗಿ ಬಂದಾಗಲೇ ಮನಸ್ಸಿಗೆ ನಾಟುತ್ತವೆ. ಎರಡನೆಯ ದಿನ ತಿದ್ದುವ ಪಾಠ, ಅದೂ ಕ್ರಾಪ್‌ನಿಂದಲೇ. ಊಟಕ್ಕೆ ನಿಂತ ಸಾಲಿನ ಒಂದೇ ಫೋಟೋವನ್ನು ಎರಡು ರೀತಿ ಕತ್ತರಿಸಿ ನೋಡಲಿ. ಎಡಗಡೆಯ ತುಂಡಿನಲ್ಲಿ ಖಾಲಿ ತಟ್ಟೆ ಹಿಡಿದು ಕಾಯುತ್ತಿರುವ ಇಬ್ಬರು, ಬಲಗಡೆಯ ತುಂಡಿನಲ್ಲಿ ತುಂಬಿದ ತಟ್ಟೆ ಹಿಡಿದು ನಗುತ್ತಿರುವ ಮೂವರು. ಒಂದರ ಕೆಳಗೆ ‘ಊಟಕ್ಕೆ ತಪ್ಪದ ಪರದಾಟ’ ಎಂದೂ ಇನ್ನೊಂದರ ಕೆಳಗೆ ‘ಹೊಟ್ಟೆ ತುಂಬಿಸಿದ ಯೋಜನೆ’ ಎಂದೂ ಕ್ಯಾಪ್ಷನ್ ಬರೆದರೆ ಎರಡು ಪತ್ರಿಕೆಗಳ ಎರಡು ಸುದ್ದಿ ತಯಾರು. ಯಾವ ಫಿಲ್ಟರನ್ನೂ ಮುಟ್ಟಿಲ್ಲ, ಒಂದು ಬಣ್ಣವೂ ಬದಲಾಗಿಲ್ಲ. ಕತ್ತರಿಯೊಂದೇ ಇಷ್ಟು ಮಾಡಬಲ್ಲದು ಎಂದು ತನ್ನ ಶಾಲೆಯ, ತನ್ನ ಕಣ್ಣೆದುರಿನ ಸಾಲಿನ ಮೇಲೆ ಮಾಡಿ ನೋಡಿದ ಹುಡುಗಿಗೆ ಪತ್ರಿಕೆಯ ಫೋಟೋ ನೋಡಿದಾಗ ಚೌಕಟ್ಟಿನ ಆಚೆ ಏನಿತ್ತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಮಕ್ಕಳ ಚಿತ್ರಗಳನ್ನು ಈ ಹಂತದಲ್ಲಿ ತೋರಿಸುವುದು ಒಳ್ಳೆಯದು. ಸಾಮಾನ್ಯ ದಿನದ ಸಾಮಾನ್ಯ ಮಕ್ಕಳನ್ನು ಅವರ ಮಾನ ಕುಂದದಂತೆ ಚೌಕಟ್ಟಿನೊಳಗೆ ತರುವುದು ಹೇಗೆಂದು ಅವುಗಳಲ್ಲಿ ಕಾಣುತ್ತದೆ.

ಬಾಗಿಲಿಗೆ ಬೆನ್ನು ಮಾಡಿದ ಅಡುಗೆಯಮ್ಮನ ಮುಖಕ್ಕೆ ಮರಳೋಣ, ಏಕೆಂದರೆ ತಿದ್ದುಪಡಿಯ ಅತಿ ಸೂಕ್ಷ್ಮ ಪಾಠ ಅಲ್ಲಿದೆ. ಮುಖ ಕಾಣುವಂತೆ ನೆರಳಿನ ಭಾಗವನ್ನು ಎತ್ತುವುದು ಒಂದು ಕೆಲಸ. ಮುಖವನ್ನು ಬಿಳುಪು ಮಾಡುವುದು ಬೇರೆಯೇ ಕೆಲಸ. ಫೋನಿನಲ್ಲಿ ಎರಡೂ ಪಕ್ಕಪಕ್ಕದ ಗುಂಡಿಗಳು. ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಬಹಳ ಕಾಲ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ, ಸುಕ್ಕು ಮರೆಸುತ್ತಿದ್ದರು. ಮದುವೆಗೆ ಕೊಡುವ ಹುಡುಗಿಯ ಫೋಟೋವನ್ನು ‘ಸ್ವಲ್ಪ ಬೆಳ್ಳಗೆ ಮಾಡಿಕೊಡಿ’ ಎಂಬ ಬೇಡಿಕೆಯೂ ಹಳೆಯದೇ. ಈ ಒಲವು ಯಂತ್ರದೊಳಗೂ ಇತ್ತು. ಕೊಡಾಕ್ ಕಂಪನಿ ಬಣ್ಣದ ಪ್ರಿಂಟ್ ಸರಿಯಿದೆಯೇ ಎಂದು ನೋಡಲು ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಅವಳ ಚರ್ಮ ಸರಿಯಾಗಿ ಮೂಡಿದರೆ ಎಲ್ಲವೂ ಸರಿ ಎಂದು ಲೆಕ್ಕ. ಕಪ್ಪು ಚರ್ಮದ ವಿವರಗಳು ಕಳೆದುಹೋಗುತ್ತಿದ್ದವು. ಆದ್ದರಿಂದ ಮಕ್ಕಳಿಗೆ ಕೊಡಬೇಕಾದ ಪ್ರಾಜೆಕ್ಟ್ ಹೀಗಿರಲಿ: ತರಗತಿಯ ಬೇರೆಬೇರೆ ಮೈಬಣ್ಣದ ನಾಲ್ವರನ್ನು ಒಂದೇ ಚಿತ್ರದಲ್ಲಿ, ನಾಲ್ವರ ಚರ್ಮವೂ ಇದ್ದಂತೆಯೇ ಕಾಣುವ ಹಾಗೆ ತೆಗೆದು ತಿದ್ದಬೇಕು. ಬ್ಯೂಟಿ ಫಿಲ್ಟರ್ ಬಂದ್. ಹೇಳುವಷ್ಟು ಸುಲಭವಲ್ಲ ಇದು. ಬಿಳಿ ಗೋಡೆಯ ಮುಂದೆ ನಿಲ್ಲಿಸಿದರೆ ಕ್ಯಾಮೆರಾ ಬೆಳಕು ತಗ್ಗಿಸಿ ಕಪ್ಪು ಮುಖವನ್ನು ಇನ್ನಷ್ಟು ಕಪ್ಪಾಗಿಸುತ್ತದೆ, ಅದನ್ನು ಸರಿಪಡಿಸಹೋದರೆ ಬಿಳಿ ಅಂಗಿಯ ಮಡಿಕೆಗಳು ಮಾಯವಾಗುತ್ತವೆ. ಜಾಗ ಬದಲಿಸಿ, ಮರದ ನೆರಳಿಗೆ ಕರೆದೊಯ್ದು, ಮತ್ತೆ ತೆಗೆಯಬೇಕಾಗುತ್ತದೆ. ಯಾರ ಮುಖವೂ ದೋಷವಲ್ಲ, ದೋಷ ಬೆಳಕಿನದು ಎಂದು ಹದಿನಾಲ್ಕರ ಹುಡುಗಿಯೊಬ್ಬಳು ತಾನೇ ಕಂಡುಕೊಳ್ಳುವುದಾದರೆ ಅದಕ್ಕಾಗಿ ಎಷ್ಟು ಪಿರಿಯಡ್ ಖರ್ಚಾದರೂ ಚಿಂತೆಯಿಲ್ಲ.

ಕೊನೆಯ ಪ್ರಾಜೆಕ್ಟ್ ಬಗ್ಗೆಯೇ ಹೆಚ್ಚು ಆಕ್ಷೇಪಣೆ ಬರುವುದು: ಮಕ್ಕಳಿಂದಲೇ ಒಂದು ಸುಳ್ಳು ಚಿತ್ರ ಮಾಡಿಸುವುದು. ಒಂದು ಗುಂಪು ಕಾಟಿಂಗ್ಲಿಯ ಹುಡುಗಿಯರಂತೆ ಕಾಗದದ ಹುಲಿಯನ್ನು ಶಾಲೆಯ ಬೇಲಿಯ ಬಳಿ ನಿಲ್ಲಿಸಲಿ, ಇನ್ನೊಂದು ಗುಂಪು ಉಚಿತವಾಗಿ ಸಿಗುವ ಗಿಂಪ್ ಎಂಬ ಸಾಫ್ಟ್‌ವೇರ್‌ನಲ್ಲಿ ಇಂಟರ್‌ನೆಟ್ಟಿನ ಹುಲಿಯನ್ನು ಅದೇ ಬೇಲಿಗೆ ಅಂಟಿಸಲಿ, ಉಳಿದವರು ಎರಡನ್ನೂ ಹಿಡಿಯಲಿ. ನೆರಳು ಬಿದ್ದ ದಿಕ್ಕು, ಅಂಚಿನ ಚೂಪು, ಹಿನ್ನೆಲೆಗೂ ಹುಲಿಗೂ ಹೊಂದದ ಕಾಳುಕಾಳು ಗುರುತು (ಗ್ರೇನ್) ಇವನ್ನು ನೋಡುವ ಅಭ್ಯಾಸ ಆಗುವುದೇ ಹೀಗೆ. ಮೋಸ ಮಾಡುವುದನ್ನು ಶಾಲೆಯೇ ಕಲಿಸಿದಂತಾಗಲಿಲ್ಲವೇ ಎಂದು ಪೋಷಕರು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಆದರೆ ಮುಖ ಬದಲಿಸುವ ಆ್ಯಪ್‌ಗಳು ಮಕ್ಕಳ ಕೈಯಲ್ಲಿ ಆಗಲೇ ಇವೆ. ಶಾಲೆ ಕಲಿಸದಿದ್ದರೆ ಅವರು ಕಲಿಯುವುದಿಲ್ಲ ಎಂಬುದು ಭ್ರಮೆ. ಕಲಿಯುತ್ತಾರೆ, ಹೊಣೆ ಕಲಿಯುವುದಿಲ್ಲ ಅಷ್ಟೆ. 2006ರಲ್ಲಿ ಬೈರೂತ್ ಮೇಲಿನ ದಾಳಿಯ ಒಂದು ಸುದ್ದಿಚಿತ್ರದಲ್ಲಿ ಹೊಗೆ ದಟ್ಟವಾಗಿ ಕಾಣಲೆಂದು, ಚಿತ್ರದ ಒಂದು ಭಾಗವನ್ನು ನಕಲಿಸಿ ಇನ್ನೊಂದೆಡೆ ಅಂಟಿಸುವ ಕ್ಲೋನ್ ಟೂಲ್ ಬಳಸಲಾಗಿತ್ತು. ಒಂದೇ ಆಕಾರದ ಹೊಗೆಯುಂಡೆಗಳು ಮತ್ತೆಮತ್ತೆ ಬಂದಿರುವುದನ್ನು ಅದನ್ನು ಹಂಚಿದ ರಾಯಿಟರ್ಸ್ ಸುದ್ದಿಸಂಸ್ಥೆಯ ಸಂಪಾದಕರಿಗಿಂತ ಮೊದಲು ಗುರುತಿಸಿದ್ದು ಇಂಟರ್‌ನೆಟ್ಟಿನಲ್ಲಿ ಬರೆಯುತ್ತಿದ್ದ ಓದುಗರು. ರಾಯಿಟರ್ಸ್ ಆ ಚಿತ್ರ ತೆಗೆದ ಛಾಯಾಗ್ರಾಹಕನ ಸಂಬಂಧ ಕಡಿದುಕೊಂಡು ಅವನ 920 ಚಿತ್ರಗಳನ್ನು ಮಾರಾಟದಿಂದ ಹಿಂತೆಗೆಯಿತು. ಕ್ಲೋನ್ ಟೂಲನ್ನು ಒಮ್ಮೆಯಾದರೂ ಬಳಸಿದ ಹುಡುಗನಿಗೆ ಆ ಹೊಗೆ ನೋಡಿದ ಕೂಡಲೇ ಗುಮಾನಿ ಬರುತ್ತದೆ.

ಕಲ್ಪನೆಗೂ ಮೋಸಕ್ಕೂ ಇರುವ ಗೆರೆಯನ್ನು ಮಕ್ಕಳು ಸರಾಗವಾಗಿ ಹಿಡಿಯುತ್ತಾರೆ ಎನ್ನುವುದಕ್ಕೆ ಒಳ್ಳೆಯ ಉದಾಹರಣೆಯಿದೆ. ಅಮೆರಿಕದ ಛಾಯಾಗ್ರಾಹಕಿ ವೆಂಡಿ ಈವಾಲ್ಡ್ 1975ರಿಂದ ಕೆಂಟಕಿಯ ಗಣಿಗಾರಿಕೆಯ ಬೆಟ್ಟಸೀಮೆಯ ಶಾಲೆಗಳಲ್ಲಿ ಮಕ್ಕಳಿಗೆ ಕ್ಯಾಮೆರಾ ಕೊಟ್ಟು, ಫಿಲ್ಮ್ ತೊಳೆದು ಪ್ರಿಂಟ್ ಹಾಕುವುದನ್ನೂ ಕಲಿಸಿದರು. ತಮ್ಮತಮ್ಮ ಮನೆ, ಕುಟುಂಬ, ಕನಸುಗಳ ಚಿತ್ರ ತೆಗೆಯಲು ಮಕ್ಕಳಿಗೆ ಹೇಳಿದರು. ಒಬ್ಬ ಹುಡುಗ ಗೆಳೆಯನನ್ನು ಮರದ ಕವಲಿನಲ್ಲಿ ಸತ್ತವನಂತೆ ಮಲಗಿಸಿ ಫೋಟೋ ತೆಗೆದು, ಇದು ತಾನು ಕಂಡ ಕನಸು ಎಂದು ಹೆಸರಿಟ್ಟ. ಆ ಚಿತ್ರ ಈವಾಲ್ಡ್ ಅವರ 1985ರ ಪುಸ್ತಕದಲ್ಲಿ ಬಂದು ಹೆಸರಾಯಿತು. ಕಾಟಿಂಗ್ಲಿಯಂತೆ ಅದೂ ಹೂಡಿದ ದೃಶ್ಯವೇ. ಕನಸೆಂದು ಹೇಳಿಕೊಂಡದ್ದರಿಂದ ಯಾರಿಗೂ ಮೋಸವಾಗಲಿಲ್ಲ. ಮುಂದೆ ಈವಾಲ್ಡ್ ಗುಜರಾತಿನ ವಿಛಿಯಾ ಹಳ್ಳಿಯ ಮಕ್ಕಳೊಂದಿಗೂ ಇದೇ ರೀತಿ ಕೆಲಸ ಮಾಡಿದರು.

ಈಗ ಕೃತಕ ಬುದ್ಧಿಮತ್ತೆ ಒಂದು ಸಾಲು ಬರೆದರೆ ಚಿತ್ರವನ್ನೇ ಮಾಡಿಕೊಡುವಾಗ ಈ ಕೈಕೆಲಸ ಏತಕ್ಕೆ ಎಂಬ ಪ್ರಶ್ನೆ ಎಲ್ಲಕ್ಕಿಂತ ಬಲವಾದದ್ದು. ನೆರಳು, ಅಂಚು ನೋಡಿ ಪತ್ತೆ ಹಚ್ಚುವ ಕಾಲ ಮುಗಿಯುತ್ತಿರುವುದು ನಿಜ. ಯಂತ್ರದ ಚಿತ್ರಗಳಲ್ಲಿ ಇಂದು ಕಾಣುವ ತಪ್ಪು ನಾಳೆ ಇರುವುದಿಲ್ಲ. ಆದರೆ ಹಾಗಾದಂತೆಲ್ಲ ಚಿತ್ರ ಎಲ್ಲಿಂದ ಬಂತು, ಯಾರು ತೆಗೆದರು, ಏನೇನು ಬದಲಾಯಿತು ಎಂಬ ದಾಖಲೆಗೆ ಬೆಲೆ ಹೆಚ್ಚುತ್ತದೆ. ಚಿತ್ರದ ಜೊತೆಗೇ ಈ ಇತಿಹಾಸವನ್ನು ಬೆಸೆದಿಡುವ ಸಿ2ಪಿಎ ಎಂಬ ಮಾನದಂಡಕ್ಕಾಗಿ 2021ರಿಂದ ದೊಡ್ಡ ತಂತ್ರಜ್ಞಾನ ಕಂಪನಿಗಳೂ ಸುದ್ದಿಸಂಸ್ಥೆಗಳೂ ಕೈಜೋಡಿಸಿರುವುದು ಇದೇ ಕಾರಣಕ್ಕೆ. ಶಾಲೆಯ ಪ್ರಾಜೆಕ್ಟ್‌ಗಳಲ್ಲಿ ನಾನು ಕೇಳುವ ಲೆಕ್ಕವೂ ಅದೇ, ಪೆನ್ನು ಕಾಗದದಲ್ಲಿ. ಪ್ರತಿ ಪ್ರಾಜೆಕ್ಟ್‌ಗೂ ಮೂರು ವಸ್ತು ಒಪ್ಪಿಸಬೇಕು: ತೆಗೆದಂತೆಯೇ ಇರುವ ಮೂಲ ಫೈಲ್, ತಿದ್ದಿದ ಫೈಲ್, ಏನೇನು ಏಕೆ ಬದಲಿಸಿದೆ ಎಂಬ ಅರ್ಧ ಪುಟದ ಟಿಪ್ಪಣಿ. ‘ನೆರಳು ಎತ್ತಿದೆ, ಏಕೆಂದರೆ ಮುಖ ಕಾಣುತ್ತಿರಲಿಲ್ಲ. ಎಡಗಡೆಯ ಕಸದ ಬುಟ್ಟಿ ಕ್ರಾಪ್ ಮಾಡಿದೆ, ಏಕೆಂದರೆ…’ ಎಂದು ಬರೆಯುತ್ತಾ ಬಂದ ವಿದ್ಯಾರ್ಥಿ ಆ ‘ಏಕೆಂದರೆ’ಯ ಮುಂದೆ ಒಮ್ಮೆ ನಿಲ್ಲಲೇಬೇಕಾಗುತ್ತದೆ. ಅಂಕಗಳಲ್ಲಿ ಅರ್ಧವನ್ನು ಆ ಟಿಪ್ಪಣಿಗೇ ಇಡಬೇಕು. ಇನ್ನೊಂದು ಹಾಳೆಯೂ ಬೇಕು, ಒಪ್ಪಿಗೆಯದು. ಅಡುಗೆಯಮ್ಮನಾಗಲಿ ಸಹಪಾಠಿಯಾಗಲಿ ತಮ್ಮ ಮುಖವನ್ನು ಎಲ್ಲಿ ತೋರಿಸಬಹುದೆಂದು ಹೇಳಿ ಸಹಿ ಹಾಕಿದ್ದು. ಹದಿನೆಂಟು ತುಂಬದವರಿಗೆ ಪೋಷಕರದ್ದು. ಈ ಹಾಳೆಯಿಲ್ಲದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಶಾಲೆಯ ಗೋಡೆಗೂ ಹೋಗಬಾರದು, ವಾಟ್ಸಾಪ್ ಗ್ರೂಪಿಗಂತೂ ಖಂಡಿತ ಹೋಗಬಾರದು.

ಹಣ ಮತ್ತು ಶಿಕ್ಷಕರ ಮಾತು ಉಳಿಯಿತು. ಖರ್ಚು ದೊಡ್ಡದಲ್ಲ: ಗುಂಪಿಗೊಂದು ಹಳೆಯ ಫೋನ್, ಸಿಮ್ ಬೇಕಿಲ್ಲ, ಪಿರಿಯಡ್ ಮುಗಿದ ಮೇಲೆ ಬೀರುವಿನಲ್ಲಿ ಬೀಗ. ಮಕ್ಕಳ ಕೈಗೆ ಫೋನ್ ಕೊಡಬಾರದೆನ್ನುವವರ ಆತಂಕಕ್ಕೂ ಇದರಲ್ಲೇ ಬಹುಪಾಲು ಉತ್ತರವಿದೆ. ಶಿಕ್ಷಕರಿಗೆ ಇದೆಲ್ಲ ಬರುವುದಿಲ್ಲ ಎಂಬುದು ಹೆಚ್ಚು ಗಂಭೀರವಾದ ಮಾತು. ಆದರೆ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಫಿಲ್ಮ್ ರೋಲಿನ ಕಾಲದಿಂದ ಫೋಟೋಶಾಪಿನ ಕಾಲದವರೆಗೆ ಸ್ಟುಡಿಯೋ ನಡೆಸಿಕೊಂಡು ಬಂದವರಿದ್ದಾರೆ. ಪಾಸ್‌ಪೋರ್ಟ್ ಫೋಟೋದಿಂದ ಮದುವೆ ಆಲ್ಬಮ್ಮಿನವರೆಗೆ ಊರಿನ ಎಲ್ಲ ಮುಖಗಳನ್ನೂ ತೆಗೆದು, ತಿದ್ದಿ, ಗಿರಾಕಿ ಕೇಳಿದಂತೆ ಬೆಳ್ಳಗೂ ಮಾಡಿಕೊಟ್ಟವರು. ಮೊಬೈಲ್ ಬಂದ ಮೇಲೆ ಅವರಲ್ಲಿ ಅನೇಕರ ಅಂಗಡಿಗಳಿಗೆ ಜನ ಬರುವುದು ಕಡಿಮೆಯಾಗಿದೆ. ಗೌರವಧನ ಕೊಟ್ಟು ವಾರಕ್ಕೆ ಎರಡು ಪಿರಿಯಡ್ ಅವರನ್ನು ಶಾಲೆಗೆ ಕರೆಸುವ ಅಧಿಕಾರ ಮುಖ್ಯೋಪಾಧ್ಯಾಯರಿಗೆ ಇರಬೇಕು. ಕಳೆದ ವರ್ಷಗಳ ತಮ್ಮ ಟಚಪ್ ಕೆಲಸವನ್ನೇ ಮುಂದಿಟ್ಟುಕೊಂಡು, ಯಾವುದನ್ನು ಏಕೆ ಬದಲಿಸಿದೆ ಎಂದು ಅವರೂ ಮಕ್ಕಳಿಗೆ ಅದೇ ಅರ್ಧ ಪುಟದ ಲೆಕ್ಕ ಒಪ್ಪಿಸುವಂತಾದರೆ ಮೊದಲ ವಾರದ ಪಾಠಕ್ಕೆ ಬೇರೆ ಸಾಮಗ್ರಿ ಹುಡುಕಬೇಕಿಲ್ಲ.